ಹಾಲಿನಂತಾದ ರಕ್ತ: ಮೇದೋಜೀರಕದ ಉರಿಯೂತ ಮತ್ತು ಅದರ ಚಿಕಿತ್ಸೆ

(ಸದಸ್ಯ ಬೆಳೆಗಾರರೊಬ್ಬರ ಅನುಭವ ಲೇಖನ)

ನಮ್ಮ ಸಂಘದ ಈ ಪತ್ರಿಕೆಯಲ್ಲಿ ಅಡಿಕೆಯ ಕೊಳೆರೋಗ, ಹಳದಿ ಎಲೆ ರೋಗ, ಕಾಫಿಯ ಕಾಯಿಕೊರಕ, ಬಿಳಿ ಕಾಂಡಕೊರಕ ಇವುಗಳ ಬಗ್ಗೆ ಬೇಕಾದಷ್ಟು ಓದಿದ್ದೇವೆ. ಗಿಡಕ್ಕೆ ರೋಗ ಬಂದರೆ ಎಲೆಯ ಬಣ್ಣ ನೋಡಿಯೇ ಹೇಳಬಲ್ಲವರು ನಾವು. ಆದರೆ ನಮ್ಮ ಮೈಗೆ ಬಂದ ರೋಗವನ್ನು ಮಾತ್ರ ಕೊನೆಯ ಗಳಿಗೆಯವರೆಗೂ 'ಗ್ಯಾಸ್ಟ್ರಿಕ್' ಎಂದು ತಳ್ಳಿಹಾಕುತ್ತೇವೆ. ನನ್ನ ತಮ್ಮನ ವಿಷಯದಲ್ಲಿ ಹೀಗೆಯೇ ಆಯಿತು. ಅದರಲ್ಲಿ ನನ್ನ ತಪ್ಪೂ ಇದೆ. ಆ ತಪ್ಪು ಇನ್ನೊಂದು ಮನೆಯಲ್ಲಿ ಆಗದಿರಲಿ ಎಂಬ ಒಂದೇ ಉದ್ದೇಶದಿಂದ ಈ ಲೇಖನ ಬರೆಯುತ್ತಿದ್ದೇನೆ.

2023ರ ಡಿಸೆಂಬರ್ ತಿಂಗಳು. ಅಡಿಕೆ ಕೊನೆ ಇಳಿಸಿ, ಸುಲಿದು, ಬೇಯಿಸುವ ಕೆಲಸ ಒಂದು ಕಡೆ. ಅರೇಬಿಕಾ ಹಣ್ಣು ಕೊಯ್ಲು ಇನ್ನೊಂದು ಕಡೆ. ಆಳುಗಳ ಅಭಾವ ಎಲ್ಲರಿಗೂ ತಿಳಿದದ್ದೇ. ತಮ್ಮನಿಗೆ ಆಗ 41 ವರ್ಷ. ದಿನವಿಡೀ ತೋಟ ಮತ್ತು ಒಲೆಯ ಮುಂದೆ; ರಾತ್ರಿ ಸುಲಿಯುವವರ ಜತೆ ಹೊತ್ತುಮೀರಿ ಊಟ; ಅದರ ಮೊದಲು ಚಳಿಗೆಂದು ಎರಡು ಗ್ಲಾಸು. ಒಂದು ಸಂಜೆ ಊಟವಾದ ಸ್ವಲ್ಪ ಹೊತ್ತಿನಲ್ಲಿ ಹೊಟ್ಟೆಯ ಮೇಲ್ಭಾಗದಲ್ಲಿ ನೋವು ಶುರುವಾಯಿತು. ಮನೆಯಲ್ಲಿದ್ದ ಪಿತ್ತದ ಮಾತ್ರೆ ಕೊಟ್ಟೆವು. ಓಮದ ಕಷಾಯ ಮಾಡಿ ಕುಡಿಸಿದೆವು. ನೋವು ಬೆನ್ನಿಗೆ ಹರಿಯಿತು. ರಾತ್ರಿಯಿಡೀ ವಾಂತಿ. ಮಲಗಿದರೆ ಹೆಚ್ಚು, ಮುಂದಕ್ಕೆ ಬಾಗಿ ದಿಂಬು ಅಪ್ಪಿಕೊಂಡು ಕೂತರೆ ಸ್ವಲ್ಪ ಕಡಿಮೆ. ಮರುದಿನ "ಭಾವ, ಇವರನ್ನು ಆಸ್ಪತ್ರೆಗೆ ಕರಕೊಂಡು ಹೋಗುವ" ಎಂದು ಅವನ ಹೆಂಡತಿ ಮೂರು ಸಲ ಹೇಳಿದಳು. ಒಲೆಯ ಮೇಲೆ ಹಂಡೆ ತುಂಬ ಅಡಿಕೆ ಬೇಯುತ್ತಿತ್ತು. ಸಂಜೆಯವರೆಗೆ ನೋಡೋಣ ಎಂದೆ. ಆ ಒಂದು ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಆ ಸಂಜೆ ತಾಲ್ಲೂಕು ಕೇಂದ್ರದ ವೈದ್ಯರು ಹೊಟ್ಟೆ ಮುಟ್ಟಿ ನೋಡಿ, ರಕ್ತ ತೆಗೆಸಿದರು. ಸ್ವಲ್ಪ ಹೊತ್ತಿಗೆ ಪ್ರಯೋಗಾಲಯದ ಹುಡುಗ ಗಾಜಿನ ನಳಿಕೆಯನ್ನು ಕೈಯಲ್ಲಿ ಹಿಡಿದುಕೊಂಡೇ ಬಂದ. ರಕ್ತದ ಕೆಂಪು ಭಾಗ ತಳಕ್ಕೆ ಇಳಿದಿತ್ತು. ಮೇಲೆ ತಿಳಿ ಹಳದಿ ನೀರು ಇರಬೇಕಾದಲ್ಲಿ ಗಟ್ಟಿ ಹಾಲಿನಂಥ ಬಿಳಿ ದ್ರವ ನಿಂತಿತ್ತು. "ಇದು ಕೊಬ್ಬು. ತಡಮಾಡದೆ ಘಟ್ಟ ಇಳಿಯಿರಿ" ಎಂದರು ವೈದ್ಯರು. ರಾತ್ರಿ ಹನ್ನೊಂದಕ್ಕೆ ಕರಾವಳಿಯ ದೊಡ್ಡ ಆಸ್ಪತ್ರೆಯೊಂದರಲ್ಲಿ ತಮ್ಮನನ್ನು ತೀವ್ರ ನಿಗಾ ಘಟಕಕ್ಕೆ ಸೇರಿಸಿದರು. ಅವನ ರಕ್ತದಲ್ಲಿದ್ದ ಟ್ರೈಗ್ಲಿಸರೈಡ್ ಪ್ರತಿ ಡೆಸಿಲೀಟರಿಗೆ 3,400 ಮಿಲಿಗ್ರಾಂ. ಇರಬೇಕಾದದ್ದು 150ರ ಒಳಗೆ.

ಈ ಗ್ರಂಥಿ ಎಲ್ಲಿದೆ? ಏನು ಮಾಡುತ್ತದೆ?

ಮೇದೋಜೀರಕ ಗ್ರಂಥಿ ಜಠರದ ಹಿಂದೆ, ಬೆನ್ನುಮೂಳೆಯ ಮುಂದೆ ಅಡ್ಡಲಾಗಿ ಮಲಗಿರುವ ಸುಮಾರು ಒಂದು ಗೇಣು ಉದ್ದದ ಅಂಗ. ಅದಕ್ಕೆ ಎರಡು ಕೆಲಸ. ಒಂದು, ಉಂಡ ಅನ್ನ, ಬೇಳೆ, ಎಣ್ಣೆಗಳನ್ನು ಕರಗಿಸುವ ಜೀರ್ಣರಸವನ್ನು ಕರುಳಿಗೆ ಬಿಡುವುದು. ಇನ್ನೊಂದು, ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಎಂಬ ರಸವನ್ನು ರಕ್ತಕ್ಕೆ ಸೇರಿಸುವುದು.

ಜೀರ್ಣರಸ ಬಹಳ ಹರಿತವಾದದ್ದು. ಮಾಂಸವನ್ನೂ ಕೊಬ್ಬನ್ನೂ ಕರಗಿಸಬಲ್ಲದು. ಆದ್ದರಿಂದಲೇ ಅದು ಗ್ರಂಥಿಯ ಒಳಗೆ ಇರುವಷ್ಟು ಹೊತ್ತು, ಸೊಂಟದ ಕೊಕ್ಕೆಯಲ್ಲಿ ಸಿಕ್ಕಿಸಿದ ಕತ್ತಿಯ ಹಾಗೆ ಸುಮ್ಮನಿರುತ್ತದೆ. ಕರುಳಿಗೆ ಇಳಿದ ಮೇಲೆ ಕೆಲಸ ಶುರುಮಾಡುತ್ತದೆ. ಯಾವುದಾದರೂ ಕಾರಣದಿಂದ ಗ್ರಂಥಿಯ ಒಳಗೇ ಅದು ಚುರುಕಾದರೆ, ತಾನಿರುವ ಮನೆಯನ್ನೇ ತಾನು ಕರಗಿಸತೊಡಗುತ್ತದೆ. ಗ್ರಂಥಿ ಊದಿಕೊಳ್ಳುತ್ತದೆ, ಸುತ್ತ ನೀರು ಸೋರುತ್ತದೆ, ಕೆಲವರಲ್ಲಿ ಅದರ ಒಂದು ಭಾಗ ಸತ್ತೇಹೋಗುತ್ತದೆ. ಇದೇ ತೀವ್ರ ಮೇದೋಜೀರಕ ಉರಿಯೂತ. ಈ ರೋಗವನ್ನು ಕ್ರಮವಾಗಿ ವಿವರಿಸಿದವರು ಅಮೆರಿಕದ ಬಾಸ್ಟನ್ ನಗರದ ವೈದ್ಯ ರೆಜಿನಾಲ್ಡ್ ಫಿಟ್ಜ್, 1889ರಲ್ಲಿ.

ಐದು ಜನರಿಗೆ ಈ ಕಾಯಿಲೆ ಬಂದರೆ ಸುಮಾರು ನಾಲ್ವರಲ್ಲಿ ಒಂದು ವಾರದೊಳಗೆ ಇಳಿಯುತ್ತದೆ. ಐದನೆಯವನಲ್ಲಿ ಮೂತ್ರಪಿಂಡ, ಶ್ವಾಸಕೋಶಗಳಿಗೂ ಪೆಟ್ಟು ಬಿದ್ದು ಜೀವಕ್ಕೆ ಅಪಾಯವಾಗುತ್ತದೆ. ಮೊದಲ ದಿನವೇ ಯಾರು ಆ ಐದನೆಯವನು ಎಂದು ಹೇಳಲಾಗದು. ಮನೆಯಲ್ಲಿಟ್ಟುಕೊಂಡು ನೋಡುವ ಕಾಯಿಲೆ ಇದಲ್ಲ ಎನ್ನುವುದಕ್ಕೆ ಇಷ್ಟೇ ಸಾಕು.

ಟ್ರೈಗ್ಲಿಸರೈಡ್ ಎಂದರೇನು?

ಪಿತ್ತಕೋಶದ ಕಲ್ಲು ಮತ್ತು ಕುಡಿತ, ಇವೆರಡು ಈ ಉರಿಯೂತಕ್ಕೆ ಮುಖ್ಯ ಕಾರಣಗಳು. ಇವುಗಳ ನಂತರದ ಸ್ಥಾನ ರಕ್ತದಲ್ಲಿ ಏರಿದ ಟ್ರೈಗ್ಲಿಸರೈಡಿಗೆ. ಟ್ರೈಗ್ಲಿಸರೈಡ್ ಎಂದರೆ ಬೇರೇನೂ ಅಲ್ಲ. ಎಣ್ಣೆ, ತುಪ್ಪ, ಬೆಣ್ಣೆ ಎಲ್ಲವೂ ರಾಸಾಯನಿಕವಾಗಿ ಅದೇ. ಉಂಡ ಜಿಡ್ಡು ಕರುಳಿನಿಂದ ಸಣ್ಣ ಸಣ್ಣ ಹನಿಗಳಾಗಿ ರಕ್ತಕ್ಕೆ ಬರುತ್ತದೆ. ಅದಲ್ಲದೆ, ಹೆಚ್ಚಾಗಿ ತಿಂದ ಅನ್ನ, ಸಕ್ಕರೆ, ಬೆಲ್ಲ ಮತ್ತು ಕುಡಿದ ಮದ್ಯದಿಂದ ಪಿತ್ತಜನಕಾಂಗವೂ ಟ್ರೈಗ್ಲಿಸರೈಡ್ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಎಣ್ಣೆ ಮುಟ್ಟದವರಿಗೂ ಇದು ಏರುವುದು ಈ ಕಾರಣದಿಂದ.

ಕೊಲೆಸ್ಟರಾಲಿಗೂ ಇದಕ್ಕೂ ವ್ಯತ್ಯಾಸವಿದೆ. ಕೊಲೆಸ್ಟರಾಲ್ ವರ್ಷಗಟ್ಟಲೆ ಕೂತು ಹೃದಯದ ನಾಳ ಕಟ್ಟುತ್ತದೆ. ಟ್ರೈಗ್ಲಿಸರೈಡ್ ತೀರ ಏರಿದರೆ ಒಂದೇ ರಾತ್ರಿಯಲ್ಲಿ ಮೇದೋಜೀರಕವನ್ನು ಹಿಡಿಯಬಲ್ಲದು.

ಇದರ ಲೆಕ್ಕವನ್ನು ಸದಸ್ಯರು ನೆನಪಿಡಬೇಕು. ಬರಿಹೊಟ್ಟೆಯಲ್ಲಿ ತೆಗೆದ ರಕ್ತದಲ್ಲಿ 150 ಮಿಲಿಗ್ರಾಮಿಗಿಂತ ಕಡಿಮೆ ಇದ್ದರೆ ಸರಿ. 150ರಿಂದ 199 ಗಡಿಯ ಮೇಲೆ. 200ರಿಂದ 499 ಹೆಚ್ಚು. 500 ಮತ್ತು ಅದಕ್ಕೂ ಮೇಲಾದರೆ ಅತಿ ಹೆಚ್ಚು; ಇಲ್ಲಿಂದ ಮುಂದೆ ಮೇದೋಜೀರಕದ ಚಿಂತೆ ಮಾಡಲೇಬೇಕು. 1,000 ದಾಟಿದರೆ ಅಪಾಯ ನಿಜಕ್ಕೂ ಬಾಗಿಲಿಗೆ ಬಂದಿದೆ ಎಂದು ಅರ್ಥ.

ಅದು ಗ್ರಂಥಿಯನ್ನು ಸುಡುವುದು ಹೇಗೆ? ಮೇದೋಜೀರಕದ ಲೈಪೇಸ್ ಎಂಬ ಕಿಣ್ವ ಸುತ್ತಲಿನ ರಕ್ತದಲ್ಲಿರುವ ಟ್ರೈಗ್ಲಿಸರೈಡನ್ನು ಒಡೆಯುತ್ತದೆ. ಆಗ ಕೊಬ್ಬಿನ ಆಮ್ಲಗಳು ಬಿಡುಗಡೆಯಾಗುತ್ತವೆ. ಸ್ವಲ್ಪವಾದರೆ ರಕ್ತದ ಪ್ರೋಟೀನು ಅವನ್ನು ಕಟ್ಟಿಹಾಕುತ್ತದೆ. ವಿಪರೀತವಾದಾಗ ಕಟ್ಟಲು ಪ್ರೋಟೀನು ಸಾಲದೆ, ಆಮ್ಲ ಗ್ರಂಥಿಯ ಕಣಗಳನ್ನೇ ಸುಡುತ್ತದೆ. ಇದರ ಜತೆಗೆ ಜಿಡ್ಡಿನಿಂದ ರಕ್ತ ಚೊಗರಿನಂತೆ ಮಂದವಾಗುತ್ತದೆ. ಸುಣ್ಣವನ್ನು ಸರಿಯಾಗಿ ಸೋಸದೆ ಬೋರ್ಡೋ ದ್ರಾವಣ ಹೊಡೆಯಲು ಹೋದರೆ ನಾಜಲು ಕಟ್ಟುವುದಿಲ್ಲವೇ? ಹಾಗೆಯೇ ಗ್ರಂಥಿಯ ಕೂದಲೆಳೆಯಂಥ ರಕ್ತನಾಳಗಳಲ್ಲಿ ಹರಿವು ನಿಲ್ಲುತ್ತದೆ.

ಯಾರಿಗೆ ಬರುತ್ತದೆ?

ಬಹಳಷ್ಟು ಜನರಲ್ಲಿ ಒಂದೇ ಕಾರಣ ಇರುವುದಿಲ್ಲ. ಎರಡು ಮೂರು ಕೂಡಿಕೊಳ್ಳುತ್ತವೆ. ವಂಶದಿಂದ ಬಂದ ಸ್ವಲ್ಪ ಒಲವು, ಅದರ ಮೇಲೆ ಹತೋಟಿಯಿಲ್ಲದ ಸಕ್ಕರೆ ಕಾಯಿಲೆ, ಅದರ ಮೇಲೆ ಕುಡಿತ, ಬೊಜ್ಜು. ಥೈರಾಯ್ಡ್ ರಸ ಕಡಿಮೆಯಾದಾಗ, ಮೂತ್ರಪಿಂಡದ ಕೆಲವು ರೋಗಗಳಲ್ಲಿ, ಬಸುರಿಯ ಕೊನೆಯ ಮೂರು ತಿಂಗಳಲ್ಲಿ ಸಹ ಇದು ಏರುತ್ತದೆ. ಸ್ಟೀರಾಯ್ಡ್, ಈಸ್ಟ್ರೋಜನ್ ಇರುವ ಮಾತ್ರೆ, ಮೊಡವೆಗೆ ಕೊಡುವ ಐಸೋಟ್ರೆಟಿನಾಯಿನ್, ರಕ್ತದೊತ್ತಡದ ಕೆಲವು ಮಾತ್ರೆಗಳು ಕೂಡ ಏರಿಸುವುದುಂಟು. ಆದರೆ ಇದನ್ನು ಓದಿ ಯಾರೂ ತಾವಾಗಿಯೇ ಮಾತ್ರೆ ನಿಲ್ಲಿಸಬಾರದು, ವೈದ್ಯರನ್ನು ಕೇಳಬೇಕು.

ಇದು ಪಟ್ಟಣದವರ ಕಾಯಿಲೆ ಎಂದು ತಿಳಿಯಬೇಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ತಮಿಳುನಾಡು, ಮಹಾರಾಷ್ಟ್ರ, ಜಾರ್ಖಂಡ್ ಮತ್ತು ಚಂಡೀಗಢಗಳಲ್ಲಿ ಹಳ್ಳಿ, ಪಟ್ಟಣ ಎರಡನ್ನೂ ಸೇರಿಸಿ ನಡೆದು 2014ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ, ಪರೀಕ್ಷೆಗೊಳಗಾದ ನೂರು ಜನರಲ್ಲಿ ಸುಮಾರು 30 ಜನರ ಟ್ರೈಗ್ಲಿಸರೈಡ್ ಮಿತಿ ಮೀರಿತ್ತು.

ತಮ್ಮನಲ್ಲಿ ಕೂಡಿಕೊಂಡದ್ದು ಮೂರು: ಸಕ್ಕರೆ ಕಾಯಿಲೆ ಇತ್ತು, ಅದು ಇದೆ ಎಂದೇ ನಮಗೆ ಗೊತ್ತಿರಲಿಲ್ಲ, ಕೊಯ್ಲಿನ ಕಾಲದ ಕುಡಿತ, ಮತ್ತು ಮನೆತನದ ಒಲವು. ಗೊತ್ತಿರಲಿಲ್ಲ ಎಂದೆ. ಅದು ಪೂರ್ತಿ ಸತ್ಯವಲ್ಲ. 2021ರಲ್ಲಿ ನಮ್ಮ ಊರಿನ ಶಾಲೆಯಲ್ಲಿ ಆರೋಗ್ಯ ಶಿಬಿರ ನಡೆದಿತ್ತು. ಅಂದು ತಮ್ಮನ ಟ್ರೈಗ್ಲಿಸರೈಡ್ 620 ಎಂದು ಬರೆದ ಚೀಟಿಯನ್ನು ಮನೆಗೆ ತಂದವನು ನಾನು. ಮಂಡಿಯ ಪಟ್ಟಿಗಳ ಜತೆ ಡೈರಿಯಲ್ಲಿ ಇಟ್ಟು ಮರೆತೆ. ಕಾಯಿಲೆ ಬಿದ್ದ ಮೇಲೆ ಹುಡುಕಿದಾಗ ಆ ಚೀಟಿ ಅಲ್ಲೇ ಇತ್ತು.

ಪತ್ತೆ ಹಚ್ಚುವುದು

ಮೂರರಲ್ಲಿ ಎರಡು ಗುರುತು ಸಿಕ್ಕರೆ ವೈದ್ಯರು ರೋಗವನ್ನು ನಿಶ್ಚಯಿಸುತ್ತಾರೆ. ಮೊದಲನೆಯದು ಹೊಟ್ಟೆಯ ಮೇಲ್ಭಾಗದಿಂದ ಬೆನ್ನಿಗೆ ಹರಿಯುವ ವಿಶಿಷ್ಟ ನೋವು. ಎರಡನೆಯದು ರಕ್ತದಲ್ಲಿ ಲೈಪೇಸ್ ಅಥವಾ ಅಮೈಲೇಸ್ ಕಿಣ್ವ ಮಿತಿಗಿಂತ ಮೂರು ಪಟ್ಟಾದರೂ ಏರಿರುವುದು. ಮೂರನೆಯದು ಸ್ಕ್ಯಾನಿನಲ್ಲಿ ಊತ ಕಾಣುವುದು.

ಇಲ್ಲಿ ಎರಡು ಎಚ್ಚರಿಕೆಗಳನ್ನು ವೈದ್ಯರು ನನಗೆ ಬಿಡಿಸಿ ಹೇಳಿದರು. ರಕ್ತ ಹಾಲಿನಂತಾದಾಗ ಕೆಲವು ಪರೀಕ್ಷೆಗಳು ದಾರಿ ತಪ್ಪಿಸುತ್ತವೆ. ಅಮೈಲೇಸ್ ಸರಿಯಾಗಿದೆ ಎಂದೇ ತೋರಬಹುದು. ಸೋಡಿಯಂ ನಿಜಕ್ಕಿಂತ ಕಡಿಮೆ ತೋರಬಹುದು. ಆದ್ದರಿಂದ ಲೈಪೇಸ್ ನೋಡುವುದು ಲೇಸು. ಎರಡನೆಯದು, ಟ್ರೈಗ್ಲಿಸರೈಡನ್ನು ಸೇರಿಸಿದ ಮೊದಲ ದಿನವೇ ಅಳೆಯಬೇಕು. ಊಟ ನಿಂತ ಮೇಲೆ ಅದು ಬೇಗ ಇಳಿಯುತ್ತದೆ. ಮೂರನೆಯ ದಿನ ಅಳೆದರೆ ಸಾಧಾರಣವಾಗಿ ಕಂಡು, ಕಾರಣವೇ ತಪ್ಪಿಹೋಗಿ, 'ಯಾಕೆ ಬಂತೋ ತಿಳಿಯದು' ಎಂದು ಮನೆಗೆ ಕಳಿಸಿದಂತಾಗುತ್ತದೆ. ಕಾರಣ ತಿಳಿಯದಿದ್ದರೆ ಕಾಯಿಲೆ ಮರಳುತ್ತದೆ.

ಚಿಕಿತ್ಸೆ: ಮೊದಲ ಮೂರು ದಿನ

ಈ ಉರಿಯೂತವನ್ನು ನೇರವಾಗಿ ಆರಿಸುವ ಔಷಧಿ ಇಲ್ಲ. ಗ್ರಂಥಿ ತಾನಾಗಿ ಮಾಯುವವರೆಗೆ ದೇಹವನ್ನು ಹಿಡಿದು ನಿಲ್ಲಿಸುವುದು ಚಿಕಿತ್ಸೆಯ ಒಂದು ಭಾಗ. ರಕ್ತದ ಕೊಬ್ಬನ್ನು ಇಳಿಸುವುದು ಇನ್ನೊಂದು ಭಾಗ.

ಮೊದಲನೆಯದು ನೀರು. ಗ್ರಂಥಿಯ ಸುತ್ತ ನೀರು ಸೋರಿ ರಕ್ತನಾಳ ಬತ್ತುವುದರಿಂದ ರಿಂಗರ್ ಲ್ಯಾಕ್ಟೇಟ್ ಎಂಬ ದ್ರವವನ್ನು ನಾಳದ ಮೂಲಕ ಕೊಡುತ್ತಾರೆ. ಹಿಂದೆ ಬಾಟಲಿ ಮೇಲೆ ಬಾಟಲಿ ಓಡಿಸುತ್ತಿದ್ದರು. 2022ರಲ್ಲಿ ಪ್ರಕಟವಾದ 'ವಾಟರ್‌ಫಾಲ್' ಎಂಬ ಅಧ್ಯಯನ ಈ ಪದ್ಧತಿಯನ್ನು ಪ್ರಶ್ನಿಸಿತು. ಅದರಲ್ಲಿ 249 ರೋಗಿಗಳಿದ್ದರು. ವಿಪರೀತ ದ್ರವ ಪಡೆದವರಿಗೆ ಹೆಚ್ಚಿನ ಲಾಭವೇನೂ ಆಗಲಿಲ್ಲ. ನೂರಕ್ಕೆ ಸುಮಾರು 20 ಜನರಲ್ಲಿ ದೇಹದಲ್ಲಿ ನೀರು ಹೆಚ್ಚಾಗಿ ತೊಂದರೆಯಾಯಿತು. ಹದವಾಗಿ ಪಡೆದವರಲ್ಲಿ ಅದು ಸುಮಾರು 6 ಮಾತ್ರ. ತೋಟಕ್ಕೆ ನೀರು ಹೆಚ್ಚಾದರೂ ಬೇರು ಕೊಳೆಯುತ್ತದೆ ಎಂಬುದು ನಮಗೆ ಹೊಸದಲ್ಲ. ಈಗ ಮೂತ್ರದ ಪ್ರಮಾಣ, ರಕ್ತದೊತ್ತಡ ನೋಡಿಕೊಂಡು ಹದವಾಗಿ ಕೊಡುತ್ತಾರೆ.

ಎರಡನೆಯದು ನೋವು ನಿವಾರಣೆ. ಇದು ತಡೆಯಲಾಗದ ನೋವು. 'ನೋವಿನ ಇಂಜೆಕ್ಷನ್ ಬೇಡ, ಅಭ್ಯಾಸವಾಗುತ್ತದೆ' ಎಂದು ಮನೆಯವರು ಅಡ್ಡಿ ಮಾಡಬಾರದು.

ಮೂರನೆಯದು ಇನ್ಸುಲಿನ್. ಸಕ್ಕರೆ ಕಾಯಿಲೆಯ ಈ ಔಷಧಿ ಇಲ್ಲೇಕೆ ಎಂದು ನಾನೂ ಕೇಳಿದೆ. ನಮ್ಮ ಮಾಂಸಖಂಡ ಮತ್ತು ಕೊಬ್ಬಿನ ಪದರಗಳ ಸಣ್ಣ ರಕ್ತನಾಳಗಳ ಗೋಡೆಗೆ ಅಂಟಿಕೊಂಡು ಲೈಪೊಪ್ರೋಟೀನ್ ಲೈಪೇಸ್ ಎಂಬ ಕಿಣ್ವವಿದೆ. ರಕ್ತದಲ್ಲಿ ತೇಲುವ ಜಿಡ್ಡಿನ ಹನಿಗಳನ್ನು ಒಡೆದು ಒಳಗೆ ಎಳೆದುಕೊಳ್ಳುವುದು ಅದರ ಕೆಲಸ. ಇನ್ಸುಲಿನ್ ಸಾಲದಾದಾಗ ಆ ಕಿಣ್ವ ಮಂಕಾಗುತ್ತದೆ. ಇನ್ಸುಲಿನ್ ಕೊಟ್ಟಾಗ ಚುರುಕಾಗುತ್ತದೆ. ಅಲ್ಲದೆ ದೇಹದ ಕೊಬ್ಬು ಕರಗಿ ರಕ್ತಕ್ಕೆ ಬರುವುದನ್ನೂ ಇನ್ಸುಲಿನ್ ತಡೆಯುತ್ತದೆ. 1921ರಲ್ಲಿ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅವರು ಇದೇ ಮೇದೋಜೀರಕದಿಂದ ಬೇರ್ಪಡಿಸಿದ ರಸವು ಇಂದು ಅದೇ ಗ್ರಂಥಿಯ ರಕ್ಷಣೆಗೆ ಒದಗಿದೆ.

ಇದನ್ನು ಗಂಟೆಗೆ ಪ್ರತಿ ಕಿಲೋಗ್ರಾಂ ತೂಕಕ್ಕೆ ಸಾಮಾನ್ಯವಾಗಿ 0.1ರಿಂದ 0.3 ಯೂನಿಟ್‌ನಂತೆ ಯಂತ್ರದ ಮೂಲಕ ಸತತವಾಗಿ ನಾಳಕ್ಕೆ ಹರಿಸುತ್ತಾರೆ. ಸಕ್ಕರೆ ತೀರ ಇಳಿಯದಂತೆ ಜತೆಗೆ ಗ್ಲೂಕೋಸನ್ನೂ ಕೊಡುತ್ತಾರೆ. ಗಂಟೆಗಂಟೆಗೂ ಬೆರಳು ಚುಚ್ಚಿ ಸಕ್ಕರೆ ನೋಡುತ್ತಾರೆ. ಪೊಟ್ಯಾಸಿಯಂ ಇಳಿದರೆ ಹೃದಯದ ಬಡಿತ ಕೆಡುವುದರಿಂದ ಅದನ್ನೂ ಮತ್ತೆ ಮತ್ತೆ ಪರೀಕ್ಷಿಸುತ್ತಾರೆ. ಇದು ನಿಗಾ ಘಟಕದ ಚಿಕಿತ್ಸೆ. ಮನೆಯಲ್ಲಿ ಅಜ್ಜಿಗೆ ತಂದಿಟ್ಟ ಇನ್ಸುಲಿನ್ ಇದೆಯೆಂದು ಯಾರೂ ಪ್ರಯೋಗ ಮಾಡಬಾರದು.

ನಾಲ್ಕನೆಯದು ಊಟ. ಹಿಂದೆ ವಾರಗಟ್ಟಲೆ ಉಪವಾಸ ಹಾಕುತ್ತಿದ್ದರು. ಈಗ ವಾಂತಿ ನಿಂತು ಹಸಿವಾದರೆ ಒಂದೆರಡು ದಿನದಲ್ಲೇ ಬಾಯಿಗೆ ಕೊಡುತ್ತಾರೆ. ಕರುಳು ಖಾಲಿ ಬಿದ್ದರೆ ಅಲ್ಲಿನ ರೋಗಾಣುಗಳು ಒಳನುಗ್ಗುತ್ತವೆ ಎಂಬುದು ಇದಕ್ಕೆ ಕಾರಣ. ಆದರೆ ಟ್ರೈಗ್ಲಿಸರೈಡಿನಿಂದ ಬಂದ ಉರಿಯೂತದಲ್ಲಿ ಆ ಊಟಕ್ಕೆ ಜಿಡ್ಡು ಸೋಕಬಾರದು. ತಮ್ಮನಿಗೆ ಮೂರನೆಯ ದಿನ ತಿಳಿ ಗಂಜಿ ಕೊಟ್ಟರು. ನೋಡಲು ಬಂದ ನೆಂಟರೊಬ್ಬರು ಶಕ್ತಿ ಬರಲೆಂದು ಅದಕ್ಕೆ ಒಂದು ಚಮಚ ತುಪ್ಪ ಹಾಕಹೊರಟಾಗ ದಾದಿ ಗದರಿಸಿ ತಡೆದರು.

ಸೋಂಕು ತಗುಲಿದೆ ಎಂದು ಕಾಣದೆ ಆ್ಯಂಟಿಬಯೋಟಿಕ್ ಕೊಡುವುದು ಈಗಿನ ಪದ್ಧತಿಯಲ್ಲ. 'ಇಷ್ಟು ದೊಡ್ಡ ಕಾಯಿಲೆಗೆ ಅದನ್ನೂ ಕೊಡುವುದಿಲ್ಲವೇ' ಎಂದು ನಾವು ಒತ್ತಾಯಿಸುವುದು ತರವಲ್ಲ.

ರಕ್ತ ಸೋಸುವ ಯಂತ್ರದ ಮಾತು

ಎರಡನೆಯ ದಿನ ಬೆಂಗಳೂರಿನಿಂದ ಅಕ್ಕನ ಮಗ ಫೋನು ಮಾಡಿದ. "ಮಾವ, ಪ್ಲಾಸ್ಮಾ ಬದಲಾಯಿಸುವ ಯಂತ್ರ ಇದೆಯಂತೆ. ಒಂದೇ ಸಲಕ್ಕೆ ಕೊಬ್ಬೆಲ್ಲ ತೆಗೆಯುತ್ತದಂತೆ. ಖರ್ಚಿನ ಮುಖ ನೋಡಬೇಡಿ, ಮಾಡಿಸಿ." ನಾನು ಆ ವರ್ಷದ ಅಡಿಕೆಯನ್ನು ಮುಂಗಡಕ್ಕೆ ಮಾರಿಯಾದರೂ ಸರಿ ಎಂದು ಮನಸ್ಸು ಮಾಡಿ ವೈದ್ಯರ ಮುಂದೆ ನಿಂತೆ.

ಅವರು ಸಮಾಧಾನದಿಂದ ಕೂರಿಸಿ ವಿವರಿಸಿದರು. ಕುತ್ತಿಗೆ ಅಥವಾ ತೊಡೆಸಂದಿಯ ದೊಡ್ಡ ನಾಳಕ್ಕೆ ದಪ್ಪ ನಳಿಕೆ ಹಾಕಿ, ರಕ್ತವನ್ನು ಹೊರಗೆ ತಂದು, ಹಾಲಿನಂತಾದ ಪ್ಲಾಸ್ಮಾ ಬೇರ್ಪಡಿಸಿ, ಬದಲಿಗೆ ಅಲ್ಬುಮಿನ್ ದ್ರವವನ್ನೋ ದಾನಿಗಳ ಪ್ಲಾಸ್ಮಾವನ್ನೋ ಸೇರಿಸುವ ವಿಧಾನ ಅದು. ಒಂದು ಸಲ ಮಾಡಿದರೆ ಟ್ರೈಗ್ಲಿಸರೈಡ್ ಅರ್ಧಕ್ಕಿಂತಲೂ ಕೆಳಗೆ ಇಳಿಯುವುದು ನಿಜ. ಆದರೆ ಅಂಕಿ ಬೇಗ ಇಳಿದಷ್ಟೇ ಜೀವ ಹೆಚ್ಚು ಉಳಿಯುತ್ತದೆ ಎಂಬುದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ. ಬಾಯಿಗೆ ಏನೂ ಕೊಡದೆ, ಇನ್ಸುಲಿನ್ ಹರಿಸಿದರೆ ಎರಡು ಮೂರು ದಿನದಲ್ಲಿ ಅದು ಹೇಗೂ ಇಳಿಯುತ್ತದೆ. ನಳಿಕೆಯಿಂದ ಸೋಂಕು, ರಕ್ತಸ್ರಾವ, ದಾನಿ ಪ್ಲಾಸ್ಮಾಕ್ಕೆ ಅಲರ್ಜಿ, ಇವು ಅದರ ತೊಂದರೆಗಳು. ಅಂಗಗಳು ಕೈಕೊಡುತ್ತಿದ್ದರೆ, ಕ್ಯಾಲ್ಸಿಯಂ ತೀರ ಇಳಿದರೆ, ರಕ್ತದ ಆಮ್ಲ ಏರಿದರೆ ಅಥವಾ ಇನ್ಸುಲಿನ್‌ನಿಂದ ಇಳಿಯದಿದ್ದರೆ ಆ ದಾರಿ ಹಿಡಿಯುತ್ತಾರೆ. "ನಿಮ್ಮ ತಮ್ಮನಿಗೆ ಇಂದು ಅದು ಬೇಡ. ಬೇಕಾದ ಗಳಿಗೆಯಲ್ಲಿ ನಾನೇ ಹೇಳುತ್ತೇನೆ" ಎಂದರು. ಹೆಪಾರಿನ್ ಇಂಜೆಕ್ಷನ್ನಿನ ಬಗ್ಗೆಯೂ ಕೇಳಿದೆ. ಅದು ಗೋಡೆಗೆ ಅಂಟಿದ ಕಿಣ್ವವನ್ನು ಒಂದೇ ಸಲಕ್ಕೆ ರಕ್ತಕ್ಕೆ ಬಿಡಿಸಿ ಆಮೇಲೆ ದಾಸ್ತಾನನ್ನೇ ಬರಿದು ಮಾಡುವುದರಿಂದ, ಈ ಕೆಲಸಕ್ಕೆ ಅದನ್ನು ನೆಚ್ಚುವುದು ಕಡಿಮೆಯಾಗಿದೆ ಎಂದರು.

ಅವರ ಮಾತಿನಂತೆಯೇ ಆಯಿತು. 3,400 ಇದ್ದದ್ದು ಎರಡು ದಿನದಲ್ಲಿ 1,150ಕ್ಕೆ, ನಾಲ್ಕನೆಯ ದಿನ 460ಕ್ಕೆ ಇಳಿಯಿತು. 500ರ ಕೆಳಗೆ ಬಂದ ಮೇಲೆ ಇನ್ಸುಲಿನ್ ಹರಿಸುವುದನ್ನು ನಿಲ್ಲಿಸಿದರು. ಆದರೆ ಕೊಬ್ಬು ಇಳಿದ ಮಾತ್ರಕ್ಕೆ ಗ್ರಂಥಿಗೆ ಆದ ಗಾಯ ಮಾಯಲಿಲ್ಲ. ಎಡಗಡೆಯ ಎದೆಗೂಡಿನಲ್ಲಿ ನೀರು ತುಂಬಿ ಉಸಿರು ಕಟ್ಟಿತು. ಐದು ದಿನ ಆಮ್ಲಜನಕ ಕೊಟ್ಟರು. ಒಟ್ಟು 19 ದಿನ ಆಸ್ಪತ್ರೆ. ಮೊದಲ ರಾತ್ರಿಯೇ ಕರೆತಂದಿದ್ದರೆ ಇಷ್ಟಾಗುತ್ತಿತ್ತೇ ಎಂದು ಕೇಳಿದೆ. ವೈದ್ಯರು, "ಅದನ್ನು ಹೇಳಲಾಗದು. ಆದರೆ ಮುಂದಿನ ಸಲ ಯಾರಿಗೇ ಆದರೂ ಕಾಯಬೇಡಿ" ಎಂದಷ್ಟೇ ಹೇಳಿದರು.

ಆ 19 ದಿನ ನಮ್ಮ ತೋಟ ನಿಲ್ಲದಂತೆ ನೋಡಿಕೊಂಡವರು ನೆರೆಹೊರೆಯವರು. ಮುಯ್ಯಾಳು ಪದ್ಧತಿ ಸತ್ತುಹೋಯಿತು ಎಂದು ನಾನೇ ಸಂಘದ ಸಭೆಯಲ್ಲಿ ಭಾಷಣ ಮಾಡಿದ್ದುಂಟು. ಕರೆಯದೆ ಬಂದ ಏಳು ಮನೆಯವರು ನಮ್ಮ ಅಡಿಕೆ ಸುಲಿದು ಒಣಗಿಸಿ ಕೊಟ್ಟರು. ಕಾಫಿ ಹಣ್ಣು ಒಂದಿಷ್ಟು ಉದುರಿ ಹೋಯಿತು. ಹೋಗಲಿ.

ಮನೆಗೆ ಬಂದ ಮೇಲೆ

ಆಸ್ಪತ್ರೆಯಿಂದ ಹೊರಬಂದ ದಿನ ಕಾಯಿಲೆ ಮುಗಿಯಿತು ಎಂದು ತಿಳಿಯುವುದು ಎರಡನೆಯ ತಪ್ಪು. ಟ್ರೈಗ್ಲಿಸರೈಡ್ ಮತ್ತೆ ಏರಿದರೆ ಉರಿಯೂತ ಮತ್ತೆ ಬರುತ್ತದೆ. ಪದೇ ಪದೇ ಬಂದರೆ ಗ್ರಂಥಿ ಒಣಗಿ, ಜೀರ್ಣಶಕ್ತಿಯೂ ಇನ್ಸುಲಿನ್ನೂ ಕಡಿಮೆಯಾಗುತ್ತವೆ. 500ರ ಒಳಗೆ ಇಟ್ಟುಕೊಳ್ಳುವುದು ಮೊದಲ ಗುರಿ. 150ರ ಹತ್ತಿರ ತರುವುದು ಮುಂದಿನ ಗುರಿ.

ಮದ್ಯ ಪೂರ್ತಿ ನಿಲ್ಲಬೇಕು. 'ಹಬ್ಬಕ್ಕೆ ಮಾತ್ರ' ಎಂಬ ರಿಯಾಯಿತಿ ಇಂಥವರಿಗೆ ಇಲ್ಲ. ಸಕ್ಕರೆ ಕಾಯಿಲೆ ಹತೋಟಿಗೆ ಬರಬೇಕು. ಅದೊಂದು ಬಂದರೆ ಟ್ರೈಗ್ಲಿಸರೈಡ್ ಅರ್ಧ ಬಗ್ಗಿದಂತೆ. ಔಷಧಿಗಳಲ್ಲಿ ಫೆನೊಫೈಬ್ರೇಟ್ ಮುಖ್ಯ. ಅದು ಟ್ರೈಗ್ಲಿಸರೈಡನ್ನು ನೂರಕ್ಕೆ 30ರಿಂದ 50ರಷ್ಟು ಇಳಿಸಬಲ್ಲದು. ಅದರ ಜತೆ ಮೀನೆಣ್ಣೆಯ ಒಮೆಗಾ-3 ಮತ್ತು ಹೃದಯದ ರಕ್ಷಣೆಗಾಗಿ ಸ್ಟಾಟಿನ್ ಮಾತ್ರೆಯನ್ನು ಅಗತ್ಯ ನೋಡಿ ಕೊಡುತ್ತಾರೆ. ತಮ್ಮ ಮೂರು ತಿಂಗಳು ಶಿಸ್ತಿನಿಂದ ಇದ್ದ. ಮೈ ಹಗುರವಾಯಿತು, ಮಾತ್ರೆ ಬಿಟ್ಟ. ಮುಂಗಾರಿಗೆ ಮೊದಲು ಒತ್ತಾಯದಿಂದ ರಕ್ತ ಪರೀಕ್ಷೆ ಮಾಡಿಸಿದಾಗ 880. "ಅಣ್ಣ, ನನಗೆ ಏನೂ ಆಗ್ತಿಲ್ಲವಲ್ಲ" ಎಂದ. ಇಲ್ಲೇ ಇದರ ಮೋಸ ಇರುವುದು. ಅಂಕಿ ಏರುವಾಗ ನೋವಿಲ್ಲ, ಸುಸ್ತಿಲ್ಲ. ಈಗ ಮಾತ್ರೆ ತಪ್ಪಿಸುವುದಿಲ್ಲ. ಮೂರು ತಿಂಗಳಿಗೊಮ್ಮೆ ಪರೀಕ್ಷೆ, ಕಳೆದ ಸಲ 230.

ಕೆಲವೇ ಕುಟುಂಬಗಳಲ್ಲಿ ಲೈಪೊಪ್ರೋಟೀನ್ ಲೈಪೇಸ್ ಕಿಣ್ವವೇ ಹುಟ್ಟಿನಿಂದ ಕೆಲಸ ಮಾಡುವುದಿಲ್ಲ. ಹತ್ತು ಲಕ್ಷಕ್ಕೆ ಒಬ್ಬಿಬ್ಬರಿಗೆ ಬರುವ ಅಪರೂಪದ ದೋಷ ಇದು. ಚಿಕ್ಕ ಮಕ್ಕಳಲ್ಲೇ ಹೊಟ್ಟೆನೋವು, ಮೊಣಕೈ ಮತ್ತು ಪೃಷ್ಠದ ಮೇಲೆ ಹಳದಿ ಗುಳ್ಳೆಗಳು ಕಾಣಬಹುದು. ಇವರಿಗೆ ಸಾಮಾನ್ಯ ಮಾತ್ರೆಗಳು ತಾಗುವುದಿಲ್ಲ. ದಿನಕ್ಕೆ 15–20 ಗ್ರಾಂ ಮೀರದ ಜಿಡ್ಡಿನ ಪಥ್ಯವೇ ಆಧಾರವಾಗಿತ್ತು. ಇಂಥವರಿಗೆಂದೇ ಒಲೆಜಾರ್ಸೆನ್ ಎಂಬ ಇಂಜೆಕ್ಷನ್ನಿಗೆ 2024ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಅನುಮತಿ ದೊರೆತಿದೆ.

ನಮ್ಮ ಊಟ, ನಮ್ಮ ಕಾಫಿ

ನಮ್ಮ ಕಡೆಯ ಊಟದಲ್ಲಿ ಎರಡು ಕಡೆ ಕೈ ಹಿಡಿಯಬೇಕು. ಒಂದು, ಕರಿದದ್ದು: ಹಲಸಿನ ಹಪ್ಪಳ, ಬಾಳೆಕಾಯಿ ಚಿಪ್ಸ್, ವಡೆ. ಇನ್ನೊಂದು, ಅನ್ನದ ರಾಶಿ ಮತ್ತು ಸಿಹಿ. ಜಿಡ್ಡು ಬಿಟ್ಟೆನೆಂದು ಎರಡರಷ್ಟು ಅನ್ನ ಉಂಡರೆ ಪಿತ್ತಜನಕಾಂಗ ಅದನ್ನೇ ಕೊಬ್ಬಾಗಿ ತಿರುಗಿಸುತ್ತದೆ. ತರಕಾರಿ, ಕಾಳು, ಸೊಪ್ಪು, ನೀರು ಮಜ್ಜಿಗೆಗೆ ಅಡ್ಡಿಯಿಲ್ಲ.

'ತೆಂಗಿನೆಣ್ಣೆ ಬೇರೆ ತರದ್ದು, ಅದರಿಂದ ತೊಂದರೆಯಿಲ್ಲ' ಎನ್ನುವವರಿದ್ದಾರೆ. ಮಧ್ಯಮ ಸರಪಣಿಯ ಕೊಬ್ಬು ರಕ್ತದಲ್ಲಿ ಹನಿಗಟ್ಟದೆ ನೇರ ಪಿತ್ತಜನಕಾಂಗಕ್ಕೆ ಹೋಗುವುದು ಸರಿ. ಆಸ್ಪತ್ರೆಗಳಲ್ಲಿ ಅದಕ್ಕೆಂದೇ ತಯಾರಿಸಿದ ಎಣ್ಣೆಯೂ ಇದೆ. ಆದರೆ ನಮ್ಮ ಗಾಣದ ತೆಂಗಿನೆಣ್ಣೆಯಲ್ಲಿ ಹೆಚ್ಚಾಗಿರುವುದು ಲಾರಿಕ್ ಆಮ್ಲ. ಅದು ಆ ಎಣ್ಣೆಗೆ ಬದಲಿಯಾಗದು. ಇಂಥ ರೋಗಿಗೆ ತೆಂಗಿನೆಣ್ಣೆಯನ್ನೂ ಚಮಚದ ಲೆಕ್ಕದಲ್ಲೇ ಹಾಕಬೇಕು.

ಕಾಫಿ ಬೆಳೆಯುವವರಾಗಿ ನಾವು ಒಂದು ವಿಷಯ ಪ್ರಾಮಾಣಿಕವಾಗಿ ತಿಳಿದಿರಬೇಕು. ಕಾಫಿ ಬೀಜದ ಎಣ್ಣೆಯಲ್ಲಿ ಕೆಫೆಸ್ಟಾಲ್ ಎಂಬ ಅಂಶವಿದೆ. ಪುಡಿಯನ್ನು ನೀರಿನಲ್ಲಿ ಕುದಿಸಿ ಗಸಿ ಸಮೇತ ಕುಡಿದರೆ ಅದು ಕೊಲೆಸ್ಟರಾಲನ್ನೂ ಸ್ವಲ್ಪಮಟ್ಟಿಗೆ ಟ್ರೈಗ್ಲಿಸರೈಡನ್ನೂ ಏರಿಸುತ್ತದೆ. ಕಾಗದದಲ್ಲಿ ಸೋಸಿದ ಕಾಫಿಯಲ್ಲಿ ಅದು ತೀರ ಕಡಿಮೆ. ಅರೇಬಿಕಾಕ್ಕಿಂತ ರೊಬಸ್ಟಾದಲ್ಲಿ ಕೆಫೆಸ್ಟಾಲ್ ಕಡಿಮೆ. ಮೇದೋಜೀರಕ ಕೆಡಿಸುವಷ್ಟು ದೊಡ್ಡ ಅಪರಾಧಿ ಕಾಫಿಯಲ್ಲ. ಕೊಯ್ಲಿನ ದಿನಗಳಲ್ಲಿ ಎಂಟು ಲೋಟ ಕಾಫಿಯ ಜತೆ ಒಳಹೋಗುವ ಹದಿನಾರು ಚಮಚ ಸಕ್ಕರೆಯೇ ದೊಡ್ಡ ಅಪರಾಧಿ. ತಮ್ಮ ಈಗ ಎರಡು ಲೋಟ, ಸಕ್ಕರೆಯಿಲ್ಲದೆ ಕುಡಿಯುತ್ತಾನೆ.

ಸದಸ್ಯರಲ್ಲಿ ವಿನಂತಿ

1. ಹೊಟ್ಟೆಯ ಮೇಲ್ಭಾಗದ ನೋವು ಬೆನ್ನಿಗೆ ಹರಿದು, ವಾಂತಿಯೊಂದಿಗೆ ಕೆಲವು ಗಂಟೆ ನಿಲ್ಲದಿದ್ದರೆ ಮಾತ್ರೆ, ಕಷಾಯಗಳಲ್ಲಿ ಹೊತ್ತು ಕಳೆಯದೆ ಆಸ್ಪತ್ರೆಗೆ ಹೋಗಿ. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಇಂಥ ನೋವು ಹೃದಯದ್ದೂ ಆಗಿರಬಹುದು. ಎರಡಕ್ಕೂ ದಾರಿ ಆಸ್ಪತ್ರೆಯೇ.

2. ನಲವತ್ತು ದಾಟಿದವರು, ಸಕ್ಕರೆ ಕಾಯಿಲೆ ಇರುವವರು, ಕುಡಿಯುವ ಅಭ್ಯಾಸವಿರುವವರು ವರ್ಷಕ್ಕೊಮ್ಮೆ ರಕ್ತದ ಕೊಬ್ಬಿನ ಪರೀಕ್ಷೆ ಮಾಡಿಸಿ. 500 ದಾಟಿದ್ದರೆ ವೈದ್ಯರನ್ನು ಕಾಣುವುದನ್ನು ಮುಂದಿನ ಕೊಯ್ಲಿಗೆ ತಳ್ಳಬೇಡಿ.

3. ಮನೆಯಲ್ಲಿ ಒಬ್ಬರಿಗೆ ಬಂದಿದ್ದರೆ ಒಡಹುಟ್ಟಿದವರು, ಮಕ್ಕಳು ಎಲ್ಲರೂ ಪರೀಕ್ಷೆ ಮಾಡಿಸಿ. ನನ್ನದು 410 ಬಂತು.

4. ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಆರಂಭವಾಗಿ, 2018ರಲ್ಲಿ ನಿಂತು, ಮತ್ತೆ 2022–23ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆಯಲ್ಲಿ ಯಾವ ಚಿಕಿತ್ಸೆಗೆ, ಯಾವ ಆಸ್ಪತ್ರೆಯಲ್ಲಿ ನೆರವಿದೆ ಎಂದು ಸಂಘದ ಕಚೇರಿಯಲ್ಲಿ ಮುಂಚಿತವಾಗಿ ವಿಚಾರಿಸಿಕೊಳ್ಳಿ. ಕಾಯಿಲೆ ಬಿದ್ದ ರಾತ್ರಿ ಕಾಗದ ಹುಡುಕುವುದು ಕಷ್ಟ.

ಕೊಳೆರೋಗಕ್ಕೆ ಮದ್ದು ಹೊಡೆಯುವುದು ಮಳೆ ಹಿಡಿಯುವ ಮೊದಲು. ಕಾಯಿ ಉದುರಲು ಶುರುವಾದ ಮೇಲೆ ಮರ ಹತ್ತಿ ಪ್ರಯೋಜನವಿಲ್ಲ ಎಂದು ನಮ್ಮ ಹಿರಿಯರು ಹೇಳಿಕೊಟ್ಟದ್ದನ್ನು ತೋಟದಲ್ಲಿ ಪಾಲಿಸುತ್ತ ಬಂದಿದ್ದೇವೆ. ಶಿಬಿರದಲ್ಲಿ ಕೊಟ್ಟ ಚೀಟಿ ನಿಮ್ಮ ಡೈರಿಯಲ್ಲೂ ಎಲ್ಲೋ ಇರಬಹುದು. ಇವತ್ತು ರಾತ್ರಿ ಊಟಕ್ಕೆ ಮೊದಲು ಅದನ್ನೊಮ್ಮೆ ಹುಡುಕಿ ತೆಗೆದು ನೋಡಿ.